ವರ್ಕೌಟ್ ಆದ್ಮೇಲೆ ಏನು, ಎಷ್ಟು ತಿನ್ಬೇಕು? ಮುದ್ದೆ, ಅನ್ನ, ಕಾಳು, ಮೊಟ್ಟೆಯಲ್ಲೇ ಲೆಕ್ಕ ಹಾಕೋದು ಹೇಗೆ

ಜಿಮ್ಮಿಗೆ ಹೊಸದಾಗಿ ಸೇರ್ಕೊಂಡೋರು ಸುಮಾರು ಜನ ಮೊದಲ ವಾರದಲ್ಲೇ ಅನ್ನ ಬಿಟ್ಬಿಡ್ತಾರೆ, ಎರಡನೇ ವಾರದಲ್ಲಿ ಮೂರು ಸಾವಿರ ಕೊಟ್ಟು ಪ್ರೋಟೀನ್ ಡಬ್ಬ ತರ್ತಾರೆ, ಮೂರನೇ ವಾರದಲ್ಲಿ ಮೈಕೈ ನೋವು, ಸುಸ್ತು, ಯಾಕೋ ಆಗ್ತಿಲ್ಲ ಅಂತ ಮನೇಲೇ ಉಳ್ಕೋತಾರೆ. ಇದನ್ನ ನೋಡಿ ನೋಡಿ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ, ಯಾಕಂದ್ರೆ ರಿಕವರಿಗೆ, ಅಂದ್ರೆ ವರ್ಕೌಟ್ ಆದ್ಮೇಲೆ ಮೈ ಸುಧಾರಿಸ್ಕೊಳ್ಳೋಕೆ ಬೇಕಾಗಿರೋ ಮುಕ್ಕಾಲು ಪಾಲು ಅಡುಗೆಮನೇಲೇ ಇದೆ, ಅಳತೆ ಒಂದು ಗೊತ್ತಿಲ್ಲ ಅಷ್ಟೇ.

ಪೂರ್ತಿ ಓದೋಕೆ ಟೈಮ್ ಇಲ್ಲದೋರು ಇಷ್ಟು ತಿಳ್ಕೊಳ್ಳಿ: ಪ್ರೋಟೀನ್ ಎಷ್ಟು ಬೇಕು ಅಂತ ನಿಮ್ಮ ತೂಕ ಹೇಳುತ್ತೆ, ಕಾರ್ಬ್ಸ್ (ಅನ್ನ, ರಾಗಿ, ಸಕ್ಕರೆಯಲ್ಲಿರೋ ಕಾರ್ಬೋಹೈಡ್ರೇಟ್) ಎಷ್ಟು ಬೇಕು ಅಂತ ನಿಮ್ಮ ಮುಂದಿನ ವರ್ಕೌಟ್ ಯಾವಾಗ ಅನ್ನೋದು ಹೇಳುತ್ತೆ. ಇವೆರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕ್ಬೇಕು.

ಮೊದ್ಲು ಮೈಯೊಳಗೆ ಏನಾಗುತ್ತೆ ಅಂತ

ವೇಟ್ಸ್ ಎತ್ತಿದಾಗ ಸ್ನಾಯುವಿನ ಎಳೆಗಳಿಗೆ ಸಣ್ಣ ಪ್ರಮಾಣದಲ್ಲಿ ಪೆಟ್ಟಾಗುತ್ತೆ, ಅದಾದ್ಮೇಲೆ ದೇಹ ಹಳೇ ಪ್ರೋಟೀನ್ ಒಡೆದು ಹೊಸದು ಕಟ್ಟೋ ಕೆಲಸವನ್ನ ಜೋರು ಮಾಡುತ್ತೆ, ಈ ಕೆಲಸ 24ರಿಂದ 48 ಗಂಟೆ ನಡೀತಾನೇ ಇರುತ್ತೆ. ಆ ಟೈಮಲ್ಲಿ ರಕ್ತದಲ್ಲಿ ಅಮೈನೋ ಆಸಿಡ್ (ಪ್ರೋಟೀನ್ ಜೀರ್ಣ ಆದಾಗ ಸಿಗೋ ತುಣುಕುಗಳು) ಸಿಗ್ತಾ ಇದ್ರೆ ಕಟ್ಟೋದು ಒಡೆಯೋದಕ್ಕಿಂತ ಮುಂದೆ ಹೋಗುತ್ತೆ, ಸಿಗದಿದ್ರೆ ಒಡೆಯೋದೇ ಗೆಲ್ಲುತ್ತೆ. ಇದು ಪ್ರೋಟೀನಿನ ಕಥೆ.

ಕಾರ್ಬ್ಸ್ ಕಥೆ ಬೇರೆ. ನಾವು ತಿಂದ ಅನ್ನ, ರಾಗಿ, ಜೋಳ ಎಲ್ಲಾ ಗ್ಲೂಕೋಸ್ ಆಗಿ, ಅದ್ರಲ್ಲಿ ಒಂದಿಷ್ಟು ಗ್ಲೈಕೋಜನ್ ರೂಪದಲ್ಲಿ ಸ್ನಾಯುಗಳಲ್ಲಿ ಸ್ಟಾಕ್ ಆಗುತ್ತೆ, ದೊಡ್ಡೋರ ಸ್ನಾಯುಗಳಲ್ಲಿ ಸುಮಾರು 300ರಿಂದ 500 ಗ್ರಾಂ, ಲಿವರಲ್ಲಿ ಇನ್ನೊಂದು 100 ಗ್ರಾಂ ಹತ್ರ. ಒಂದು ಒಳ್ಳೇ ವೇಟ್ ಟ್ರೇನಿಂಗ್ ಸೆಷನ್ ಮುಗಿಯೋ ಹೊತ್ತಿಗೆ ಕೆಲಸ ಮಾಡಿದ ಸ್ನಾಯುವಿನ ಗ್ಲೈಕೋಜನ್ ಸುಮಾರು ಕಾಲು ಭಾಗದಿಂದ 40 ಪರ್ಸೆಂಟ್ ತನಕ ಖಾಲಿ ಆಗಿರುತ್ತೆ, ಎರಡು ಗಂಟೆ ಓಡಿದ್ರೆ ಇನ್ನೂ ಜಾಸ್ತಿ. ಅದನ್ನ ತುಂಬೋಕೆ ಕಾರ್ಬ್ಸೇ ಬೇಕು. ಚಿಕನ್ ಬ್ರೆಸ್ಟ್ ಬರೀ ತಿಂದ್ಕೊಂಡು ಕೂತ್ರೆ ಅದು ತುಂಬಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ. ಮಾರನೇ ದಿನ ಮೆಟ್ಟಿಲು ಇಳಿಯೋಕಾಗದೇ ಇರೋ ನೋವಿದ್ಯಲ್ಲ, ಅದಕ್ಕೂ ಲ್ಯಾಕ್ಟಿಕ್ ಆಸಿಡ್‌ಗೂ ಸಂಬಂಧ ಇಲ್ಲ, ವರ್ಕೌಟ್ ಮಾಡೋವಾಗ ಸ್ನಾಯುವಲ್ಲಿ ಹುಟ್ಟೋ ಆ ಆಸಿಡ್, ವರ್ಕೌಟ್ ಮುಗಿದು ಸುಮಾರು ಒಂದು ಗಂಟೆ ಒಳಗೆ ರಕ್ತದಿಂದ ಕ್ಲಿಯರ್ ಆಗಿರುತ್ತೆ. ಈ ನೋವು ಬರೋದು ಎಳೆಗಳಿಗಾದ ಪೆಟ್ಟು ಮತ್ತೆ ಉರಿಯೂತದಿಂದ, 24ರಿಂದ 72 ಗಂಟೆ ಮಧ್ಯೆ ಜಾಸ್ತಿ ಇರುತ್ತೆ, ಊಟ ಎಷ್ಟೇ ಸರಿಯಾಗಿದ್ರೂ ಪೂರ್ತಿ ಮಾಯ ಆಗಲ್ಲ. ಊಟದಿಂದ ಸಿಗೋದು ಶಕ್ತಿ ವಾಪಸ್ ಬರೋದು ಮತ್ತೆ ಸ್ನಾಯು ಬೆಳೆಯೋದು.

ಹೆಜ್ಜೆ 1: ತೂಕ ನೋಡ್ಕೊಳ್ಳಿ, ಪ್ರೋಟೀನ್ ನಂಬರ್ ಬರ್ಕೊಳ್ಳಿ

ದೇಶದ ಪೋಷಣಾ ಸಂಶೋಧನಾ ಸಂಸ್ಥೆ ಐಸಿಎಂಆರ್-ಎನ್‌ಐಎನ್ 2020ರಲ್ಲಿ ಸಾಮಾನ್ಯ ಭಾರತೀಯರಿಗೆ ಹೇಳಿರೋದು ದಿನಕ್ಕೆ ಮೈತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನ್. ಅದು ಜಿಮ್ ಮಾಡದೇ ಇರೋರ ಲೆಕ್ಕ. ವೇಟ್ಸ್ ಮಾಡೋರಿಗೆ 1.4ರಿಂದ 2 ಗ್ರಾಂ ಮಧ್ಯೆ ಅಂತ ಕ್ರೀಡಾ ಪೋಷಣೆಯೋರು ಹೇಳ್ತಾರೆ, 2018ರಲ್ಲಿ 49 ಅಧ್ಯಯನಗಳನ್ನ ಒಟ್ಟಿಗೆ ಸೇರಿಸಿ ನೋಡಿದಾಗ ಸರಾಸರಿ 1.6 ಗ್ರಾಂ ಹತ್ರ ಲಾಭ ನಿಂತ್ಬಿಡುತ್ತೆ ಅಂತ ಬಂತು. ಹಾಗಾಗಿ 1.6 ಇಟ್ಕೊಳ್ಳಿ, ತಲೆ ಕೆಡಿಸ್ಕೋಬೇಡಿ. 60 ಕೆಜಿ ಇದ್ರೆ 96 ಗ್ರಾಂ, 70 ಇದ್ರೆ 112. ಹೆಣ್ಮಕ್ಕಳಿಗೂ ಇದೇ ಲೆಕ್ಕ, ತೂಕಕ್ಕೆ ತಕ್ಕಂಗೆ. ತೂಕ ತುಂಬಾ ಜಾಸ್ತಿ ಇರೋರು ಈಗಿರೋ ತೂಕದ ಬದ್ಲು ನಿಮ್ಮ ಎತ್ತರಕ್ಕೆ ಇರ್ಬೇಕಾದ ತೂಕ ಹಾಕ್ಕೊಳ್ಳಿ.

ಈ ನಂಬರನ್ನ ನಾಲ್ಕು ಹೊತ್ತಿಗೆ ಹಂಚಿ. 70 ಕೆಜಿಯೋರಿಗೆ ಹೊತ್ತಿಗೆ 28 ಗ್ರಾಂ ಬರುತ್ತೆ, ವರ್ಕೌಟ್ ಆದ್ಮೇಲಿನ ಊಟದಲ್ಲೂ ಅಷ್ಟೇ ಬೇಕಾಗಿರೋದು. ಮೊಟ್ಟೆ, ಹಾಲು, ಮಾಂಸ ತಿನ್ನೋರು ಆ ಊಟದಲ್ಲಿ 20ರಿಂದ 25 ಗ್ರಾಂ ಮುಟ್ಟಿದ್ರೂ ನಡೆಯುತ್ತೆ, ಬರೀ ಬೇಳೆಕಾಳು ನಂಬ್ಕೊಂಡಿರೋರು 30ರ ಹತ್ರ ಹೋಗಿ, ಯಾಕಂದ್ರೆ ಸ್ನಾಯು ಕಟ್ಟೋಕೆ ಸಿಗ್ನಲ್ ಕೊಡೋ ಲ್ಯೂಸಿನ್ ಅನ್ನೋ ಅಮೈನೋ ಆಸಿಡ್ ಕಾಳುಗಳಲ್ಲಿ ಹಾಲಿಗಿಂತ ಕಡಿಮೆ. ವಯಸ್ಸು ಅರವತ್ತು ದಾಟಿರೋರೂ ಆ 20–25ಕ್ಕೆ ನಿಲ್ಲಿಸ್ಬೇಡಿ, ಹೊತ್ತಿಗೆ ಕೆಜಿಗೆ 0.4 ಗ್ರಾಂ ಹತ್ರ ಬೇಕು, ಅಂದ್ರೆ ಪಾರ್ಕಲ್ಲಿ ವಾಕ್ ಮುಗಿಸಿ ರೆಸಿಸ್ಟೆನ್ಸ್ ಬ್ಯಾಂಡ್ ಎಳೆಯೋ ನಿಮ್ಮ ಅಪ್ಪನಿಗೆ ಬರೀ ಕಾಫಿ ಬಿಸ್ಕತ್ ಕೊಟ್ಟು ಕೂರಿಸ್ಬೇಡಿ.

ಹೆಜ್ಜೆ 2: ಮುಂದಿನ ಸೆಷನ್ ಯಾವಾಗ? ಅದ್ರ ಮೇಲೆ ಕಾರ್ಬ್ಸ್

ಸಂಜೆ 7ಕ್ಕೆ ಜಿಮ್ ಮುಗಿಸಿದ್ರಿ, ಮುಂದಿನದು ನಾಳೆ ಸಂಜೆ. 24 ಗಂಟೆ ಇದೆ. ಗ್ಲೈಕೋಜನ್ ತುಂಬ್ಕೊಳ್ಳೋಕೆ ಸಾಕಷ್ಟು ಟೈಮ್, ನಿಮ್ಮ ಮಾಮೂಲಿ ಊಟ ಹೊತ್ತುಹೊತ್ತಿಗೆ ಮಾಡಿದ್ರೆ ಆಯ್ತು, ಅವಸರ ಇಲ್ಲ. ದಿನಕ್ಕೆ ಒಟ್ಟು ಕೆಜಿಗೆ 3ರಿಂದ 5 ಗ್ರಾಂ ಕಾರ್ಬ್ಸ್ ಸಾಕು, 70 ಕೆಜಿಯೋರಿಗೆ 210ರಿಂದ 350 ಗ್ರಾಂ. ಮೂರು ಹೊತ್ತು ನಮ್ಮ ಕಡೆ ಊಟ ಮಾಡೋರು ಇದನ್ನ ಗೊತ್ತಿಲ್ಲದೇ ಮುಟ್ಟಿರ್ತಾರೆ.

ಆದ್ರೆ ಬೆಳಗ್ಗೆ ಓಟ, ಸಂಜೆ ಕಬಡ್ಡಿ ಪ್ರಾಕ್ಟೀಸ್ ಅಂತಿದ್ರೆ, ಅಥ್ವಾ ಟೂರ್ನಮೆಂಟಲ್ಲಿ ಒಂದೇ ದಿನ ಎರಡ್ಮೂರು ಮ್ಯಾಚ್ ಇದ್ರೆ, ಅಂದ್ರೆ ಮಧ್ಯೆ ಎಂಟು ಗಂಟೆಗಿಂತ ಕಡಿಮೆ ಗ್ಯಾಪ್ ಇದ್ರೆ ಲೆಕ್ಕ ಪೂರ್ತಿ ಬದ್ಲಾಗುತ್ತೆ. ಮುಗಿದ ತಕ್ಷಣದಿಂದ ಶುರು ಮಾಡಿ ಮೊದಲ ನಾಲ್ಕು ಗಂಟೆ, ಗಂಟೆಗೆ ಕೆಜಿಗೆ 1ರಿಂದ 1.2 ಗ್ರಾಂ ಕಾರ್ಬ್ಸ್ ಬೇಕು. ಮುಗಿದ ಮೊದಲೊಂದೆರಡು ಗಂಟೆ ಸ್ನಾಯು ಗ್ಲೂಕೋಸನ್ನ ಬೇಗ ಬೇಗ ಎಳ್ಕೊಳ್ಳುತ್ತೆ, ತಡ ಮಾಡಿದ್ರೆ ಆ ವೇಗ ತಪ್ಪಿಹೋಗುತ್ತೆ. 60 ಕೆಜಿ ಹುಡುಗನಿಗೆ ಗಂಟೆಗೆ 60ರಿಂದ 70 ಗ್ರಾಂ ಅಂದ್ರೆ ಎರಡೂವರೆ ನೂರು ಗ್ರಾಂ ಬೆಂದ ಅನ್ನ, ಅದೂ ನಾಲ್ಕು ಗಂಟೆ, ಅಷ್ಟು ಅನ್ನ ಹೊಟ್ಟೆಗೆ ಹೋಗಲ್ಲ, ಹಾಗಾಗಿ ಬಾಳೆಹಣ್ಣು, ಬೆಲ್ಲದ ಪಾನಕ, ಖರ್ಜೂರ, ಮೊಸರನ್ನ ಹೀಗೆ ಸ್ವಲ್ಪ ಸ್ವಲ್ಪ ಹಂಚ್ಕೋಬೇಕು. ಇಲ್ಲೊಂದು ಅನುಕೂಲ ಇದೆ: ಅಷ್ಟು ಕಾರ್ಬ್ಸ್ ಆಗದಿದ್ರೆ ಅದನ್ನ ಗಂಟೆಗೆ ಕೆಜಿಗೆ 0.8 ಗ್ರಾಮಿಗೆ ಇಳಿಸಿ, ಜೊತೆಗೆ ಗಂಟೆಗೆ ಕೆಜಿಗೆ 0.4 ಗ್ರಾಂ ಹತ್ರ ಪ್ರೋಟೀನ್ ಸೇರಿಸಿದ್ರೆ ಗ್ಲೈಕೋಜನ್ ಹೆಚ್ಚುಕಡಿಮೆ ಅಷ್ಟೇ ತುಂಬುತ್ತೆ. ಬಾಳೆಹಣ್ಣಿನ ಜೊತೆ ಹಾಲು ಕುಡಿಯೋದು ಈ ಕಾರಣಕ್ಕೇ ಒಳ್ಳೇದು.

ಇದನ್ನೇ ತಿರುಗಿಸಿ ಕೇಳ್ತಾರೆ, ಪ್ರೋಟೀನ್ ಜೊತೆ ಕಾರ್ಬ್ಸ್ ಸೇರಿಸಿದ್ರೆ ಸ್ನಾಯು ಇನ್ನೂ ಜಾಸ್ತಿ ಬೆಳೆಯುತ್ತಾ ಅಂತ. ಪ್ರೋಟೀನ್ ಸಾಕಷ್ಟು ಇದ್ರೆ ಇಲ್ಲ, ಕಾರ್ಬ್ಸ್ ಹಾಕಿದ ಮಾತ್ರಕ್ಕೆ ಸ್ನಾಯು ಕಟ್ಟೋ ವೇಗ ಹೆಚ್ಚಾಗಲ್ಲ ಅಂತ ಪ್ರಯೋಗಗಳಲ್ಲಿ ಕಂಡಿದೆ. ಕಾರ್ಬ್ಸ್ ಬೇಕಾಗಿರೋದು ನಾಳೆ ಮತ್ತೆ ಜೋರಾಗಿ ವರ್ಕೌಟ್ ಮಾಡೋಕೆ. ನಾಳೆ ಜೋರಾಗಿ ಮಾಡಿದ್ರೆ ತಾನೇ ಸ್ನಾಯು ಬೆಳೆಯೋದು?

ಹೆಜ್ಜೆ 3: ಅರ್ಧ ಗಂಟೆ ಒಳಗೆ ಕುಡೀಲೇಬೇಕಾ?

ಡ್ರೆಸ್ಸಿಂಗ್ ರೂಮಲ್ಲೇ ಶೇಕರ್ ಅಲ್ಲಾಡಿಸೋರನ್ನ ನೋಡಿ ಭಯ ಬೀಳ್ಬೇಡಿ. 2013ರಲ್ಲಿ ಷೋನ್‌ಫೆಲ್ಡ್, ಅರಗಾನ್, ಕ್ರೀಗರ್ ಅನ್ನೋ ಸಂಶೋಧಕರು ಹಳೇ ಅಧ್ಯಯನಗಳನ್ನೆಲ್ಲಾ ಒಟ್ಟುಹಾಕಿ ನೋಡಿದ್ರು, ಒಟ್ಟು ದಿನದ ಪ್ರೋಟೀನ್ ಸರಿ ಮಾಡಿ ಹೋಲಿಸಿದಾಗ ತಕ್ಷಣ ಕುಡಿದಿದ್ದಕ್ಕೆ ಅಂತ ವಿಶೇಷ ಲಾಭ ಕಾಣ್ಲಿಲ್ಲ. ವರ್ಕೌಟಿಗೆ ಮುಂಚಿನ ಊಟ ಮತ್ತೆ ಆಮೇಲಿನ ಊಟ, ಇವೆರಡರ ಮಧ್ಯೆ ಮೂರ್ನಾಲ್ಕು ಗಂಟೆ, ದೊಡ್ಡ ಊಟ ಮಾಡಿದ್ರೆ ಐದಾರು ಗಂಟೆ ತನಕ ಗ್ಯಾಪ್ ಇದ್ರೂ ಪರ್ವಾಗಿಲ್ಲ. ನಾಲ್ಕೂವರೆಗೆ ಎರಡು ಮೊಟ್ಟೆ ಬ್ರೆಡ್ ತಿಂದು ಆರಕ್ಕೆ ಜಿಮ್ಮಿಗೆ ಹೋಗಿದ್ರೆ ಆರಾಮಾಗಿ ಮನೆಗೆ ಬಂದು ಸ್ನಾನ ಮಾಡಿ ಊಟ ಮಾಡಿ.

ಬೆಳಗ್ಗೆ ಐದೂವರೆಗೆ ಖಾಲಿ ಹೊಟ್ಟೇಲಿ ಹೋಗೋರ ವಿಷಯ ಮಾತ್ರ ಬೇರೆ, ರಾತ್ರಿ ಊಟ ಆಗಿ ಒಂಬತ್ತು ಹತ್ತು ಗಂಟೆ ಆಗಿರುತ್ತೆ, ನೀವು ಒಂದು ಗಂಟೆ ಒಳಗೆ ತಿಂಡಿ ತಿನ್ನಿ, ಆಫೀಸ್ ಕ್ಯಾಬ್ ಹತ್ತಿ ಹತ್ತೂವರೆಗೆ ಕ್ಯಾಂಟೀನಲ್ಲಿ ನೋಡ್ಕೊಳ್ಳೋಣ ಅಂತ ಬಿಡ್ಬೇಡಿ.

ಹೆಜ್ಜೆ 4: ಈಗ ತಟ್ಟೆಗೆ ಬರೋಣ

ಇದೇ ಮುಖ್ಯ ಜಾಗ, ನಿಧಾನವಾಗಿ ಓದಿ. ನಮ್ಮ ಊಟದಲ್ಲಿ ಕಾರ್ಬ್ಸ್ ತಾನಾಗೇ ಬರುತ್ತೆ, ಪ್ರೋಟೀನ್ ಇದೆ ಅಂತ ಅಂದ್ಕೊಂಡಿರ್ತೀವಿ ಆದ್ರೆ ಇರಲ್ಲ. "ದಿನಾ ಬೇಳೆಸಾರು ತಿಂತೀನಲ್ಲ" ಅಂತೀರಾ? ಲೆಕ್ಕ ಹಾಕಿ ನೋಡಿ. ನಾಲ್ಕು ಜನ ಇರೋ ಮನೇಲಿ ಸಾರಿಗೆ ಹಾಕೋದು ಸುಮಾರು 100 ಗ್ರಾಂ ತೊಗರಿಬೇಳೆ, ಅದ್ರಲ್ಲಿ ಪ್ರೋಟೀನ್ 22 ಗ್ರಾಂ. ಆ ಸಾರು ಮಧ್ಯಾಹ್ನಕ್ಕೂ ಆಗುತ್ತೆ ರಾತ್ರಿಗೂ ಆಗುತ್ತೆ, ಅಂದ್ರೆ ಎಂಟು ಊಟ. ತಲೆಗೆ ಒಂದು ಹೊತ್ತಿಗೆ ಮೂರು ಗ್ರಾಮೂ ಇಲ್ಲ. ಮೇಲಿನ ತಿಳಿಸಾರು ಬಡಿಸ್ಕೊಂಡ್ರೆ ಅದೂ ಇಲ್ಲ, ಬೇಳೆ ತಳದಲ್ಲಿ ಕೂತಿರುತ್ತೆ, ಸೌಟು ತಳಕ್ಕೆ ಹಾಕಿ ತೆಗೀರಿ.

ಹಳೇ ಮೈಸೂರು ಕಡೆಯೋರಿಗೆ ಬಸ್ಸಾರಿನ ದಿನ ಒಳ್ಳೇ ಚಾನ್ಸ್. ಕಾಳು ಸೊಪ್ಪು ಬೇಯಿಸಿ ಬಸಿದ ನೀರಲ್ಲಿ ಸಾರು ಆಗುತ್ತೆ, ಕಾಳು ಪೂರ್ತಿ ಪಲ್ಯಕ್ಕೆ ಹೋಗುತ್ತೆ, ಹಾಗಾಗಿ ಪ್ರೋಟೀನ್ ಇರೋದು ಬಹುಪಾಲು ಪಲ್ಯದಲ್ಲಿ. ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗಿ, ಪಲ್ಯ ನೆಂಚ್ಕೊಳ್ಳೋಕೆ ಎರಡು ಚಮಚ ಹಾಕ್ಕೊಂಡ್ರೆ ವರ್ಕೌಟ್ ಆದವರಿಗೆ ಸಾಲಲ್ಲ. ಒಂದು ದೊಡ್ಡ ಬಟ್ಟಲು ಪಲ್ಯ ಹಾಕ್ಕೊಳ್ಳಿ, 50 ಗ್ರಾಂ ಒಣ ಹೆಸರುಕಾಳಿನಷ್ಟು ಬರ್ಬೇಕು, ಅದ್ರಲ್ಲಿ 12 ಗ್ರಾಂ. 90 ಗ್ರಾಂ ಹಿಟ್ಟಿನ ಒಂದು ಮುದ್ದೇಲಿ 6 ಗ್ರಾಂ ಪ್ರೋಟೀನ್, 65 ಗ್ರಾಂ ಹತ್ರ ಕಾರ್ಬ್ಸ್. ಕೊನೇಲಿ 200 ಗ್ರಾಂ ಗಟ್ಟಿ ಮೊಸರು, 7 ಗ್ರಾಂ. ಒಟ್ಟು 25 ಗ್ರಾಂ ಪ್ರೋಟೀನ್ ಆಯ್ತು, ಡಬ್ಬ ತೆಗೆಯೋ ಕೆಲಸವೇ ಇಲ್ಲ. ಧಾನ್ಯದಲ್ಲಿ ಲೈಸಿನ್ ಅನ್ನೋ ಅಮೈನೋ ಆಸಿಡ್ ಕಡಿಮೆ, ಕಾಳಲ್ಲಿ ಮೆಥಿಯೋನಿನ್ ಅನ್ನೋ ಇನ್ನೊಂದು ಕಡಿಮೆ, ಎರಡೂ ಒಂದೇ ತಟ್ಟೇಲಿ ಸೇರಿದಾಗ ಒಂದರ ಕೊರತೆ ಇನ್ನೊಂದು ತುಂಬುತ್ತೆ. ಮುದ್ದೆ ಜೊತೆ ನಾಟಿಕೋಳಿ ಸಾರು ಇದ್ರೆ ಇನ್ನೂ ಸುಲಭ, ಆದ್ರೆ ತೂಕ ಹಾಕೋವಾಗ ಮೂಳೆ ಬಿಟ್ಟು ಲೆಕ್ಕ ಹಾಕಿ, ಬರೀ ಮಾಂಸ 100 ಗ್ರಾಂ ಬೆಂದಿದ್ದು ಇದ್ರೆ 25 ಗ್ರಾಂ ಮೇಲೇ ಸಿಗುತ್ತೆ.

ಉತ್ತರ ಕರ್ನಾಟಕದೋರ ಊಟ ಈ ವಿಷಯದಲ್ಲಿ ನಮಗಿಂತ ಮುಂದಿದೆ ಅಂತ ನಂಗನ್ಸುತ್ತೆ. ಎರಡು ಜೋಳದ ರೊಟ್ಟಿ 9 ಗ್ರಾಂ, ಮಡಕಿ ಕಾಳಿನ ಪಲ್ಯ ಒಂದು ಬಟ್ಟಲು 11, ಶೇಂಗಾ ಚಟ್ನಿಪುಡಿ ಎರಡು ಚಮಚ 4, ಮೊಸರು ಒಂದು ಸಣ್ಣ ಬಟ್ಟಲು 3 ಅಥ್ವಾ 4, ಇಲ್ಲಿಗೇ 27 ದಾಟ್ತು. ಮಂಗಳೂರು ಉಡುಪಿ ಕಡೆ ಎರಡು ಮಧ್ಯಮ ಸೈಜಿನ ಬಂಗುಡೆ, ಮುಳ್ಳು ಬಿಟ್ಟು 120 ಗ್ರಾಂ ಮೀನು ಸಿಕ್ರೆ 22 ಗ್ರಾಂ, ಜೊತೆಗೆ ಕುಚ್ಚಲಕ್ಕಿ ಅನ್ನ, ಮುಗೀತು.

ಕಷ್ಟ ಇರೋದು ಬೆಳಗಿನ ತಿಂಡೀಲಿ. ಮೂರು ಇಡ್ಲೀಲಿ 6 ಗ್ರಾಂ ಪ್ರೋಟೀನ್, ಒಂದು ಮಸಾಲೆ ದೋಸೇಲಿ 4–5, ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿ ಎಲ್ಲಾ ಇದೇ ಲೆವೆಲ್. ತಿಂಡಿ ಬದ್ಲಾಯಿಸ್ಬೇಡಿ, ಪಕ್ಕಕ್ಕೆ ಏನಾದ್ರೂ ಸೇರಿಸಿ. ಮೂರು ಇಡ್ಲಿ ಜೊತೆ ಮೂರು ಬೇಯಿಸಿದ ಮೊಟ್ಟೆ ಅಂದ್ರೆ 24 ಗ್ರಾಂ. ಮೊಟ್ಟೆ ತಿನ್ನದೋರು ಒಂದು ದೊಡ್ಡ ಲೋಟ, ಅಂದ್ರೆ 250 ಎಂಎಲ್ ಹಾಲು ಕುಡೀರಿ 8 ಗ್ರಾಂ, ಹುರಿಗಡಲೆ ಒಂದು ಹಿಡಿ, 30 ಗ್ರಾಂ, 6 ಗ್ರಾಂ ಪ್ರೋಟೀನ್, ಸಾಂಬಾರ್ ಗಟ್ಟಿ ಇದ್ರೆ ಎರಡ್ಮೂರು, ಒಟ್ಟು 22 ಹತ್ರ ಬರುತ್ತೆ. ಅಥ್ವಾ ಅವತ್ತು ಇಡ್ಲಿ ಬಿಟ್ಟು ಪೆಸರಟ್ಟು ಥರ ಹೆಸರುಕಾಳಿನ ದೋಸೆ ಮಾಡಿ, 60 ಗ್ರಾಂ ಕಾಳಲ್ಲಿ 14 ಗ್ರಾಂ, ಒಳಗೆ 50 ಗ್ರಾಂ ಪನೀರ್ ತುರಿದು ಹಾಕಿದ್ರೆ ಇನ್ನೊಂದು 9.

ಮೀಲ್ ಮೇಕರ್, ಅಂದ್ರೆ ಸೋಯಾ ಚಂಕ್ಸ್ ಬಗ್ಗೆ ಪ್ರತ್ಯೇಕವಾಗಿ ಹೇಳ್ಬೇಕು, ಯಾಕಂದ್ರೆ ಇಷ್ಟು ಅಗ್ಗಕ್ಕೆ ಇಷ್ಟು ಪ್ರೋಟೀನ್ ಕೊಡೋದು ಅಂಗಡೀಲಿ ಬೇರೆ ಸಿಗೋದು ಕಷ್ಟ. ಒಣ ಸೋಯಾ ಚಂಕ್ಸ್ 100 ಗ್ರಾಮಲ್ಲಿ 52 ಗ್ರಾಂ. ನಿಮಗೆ 40 ಗ್ರಾಂ ಸಾಕು. ಹಸಿ ವಾಸನೆ ಅಂತ ಬಿಡೋರು ಹೀಗೆ ಮಾಡಿ: ನೀರು ಕುದಿಸಿ ಉಪ್ಪು ಹಾಕಿ, ಚಂಕ್ಸ್ ಹಾಕಿ ಐದು ನಿಮಿಷ ಬಿಡಿ, ಉಬ್ಬಿದ ಮೇಲೆ ತಣ್ಣೀರಲ್ಲಿ ಎರಡು ಸಲ ತೊಳೆದು ಅಂಗೈಲಿ ಗಟ್ಟಿಯಾಗಿ ಹಿಂಡಿ, ನೊರೆ ನೊರೆ ನೀರು ಬರುತ್ತೆ, ಅದು ಹೋಗೋ ತನಕ ಹಿಂಡಿ. ಆಮೇಲೆ ಮೊಸರು, ಖಾರದಪುಡಿ, ಶುಂಠಿ ಬೆಳ್ಳುಳ್ಳಿ ಹಚ್ಚಿ ಹತ್ತು ನಿಮಿಷ ಇಟ್ಟು ಒಗ್ಗರಣೆಗೆ ಹಾಕಿ. ಪಲಾವಲ್ಲಿ ಸಾಗೂಲಿ ಎಲ್ಲೂ ಹೊಂದುತ್ತೆ.

ಶೇಂಗಾ ಬಾದಾಮಿ ಒಳ್ಳೇದೇ, ಆದ್ರೆ ಪ್ರೋಟೀನಿಗೆ ಅವನ್ನೇ ನಂಬ್ಕೋಬೇಡಿ. ಹತ್ತು ಬಾದಾಮೀಲಿ ಇರೋದು ಎರಡೂವರೆ ಗ್ರಾಂ. ಮೈಸೂರಿನ ಗರಡಿಮನೆ ಪೈಲ್ವಾನರು ಬಾದಾಮಿ, ಹಾಲು, ತುಪ್ಪ ಅಂತ ಬೆಳೆದಿದ್ದು ನಿಜ, ಅವರು ದಿನಾ ಗಂಟೆಗಟ್ಲೆ ಸಾಮು ಮಾಡ್ತಿದ್ರು, ಲೀಟರ್‌ಗಟ್ಲೆ ಹಾಲು ಕುಡೀತಿದ್ರು, ಆ ಹಾಲಲ್ಲೇ ಪ್ರೋಟೀನ್ ಬರ್ತಿತ್ತು. ನಲವತ್ತೈದು ನಿಮಿಷ ಜಿಮ್ ಮಾಡಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರೋರು ಆ ತುಪ್ಪದ ಲೆಕ್ಕ ಹಿಡಿದ್ರೆ ಹೊಟ್ಟೆ ಬರುತ್ತೆ. ಹಸಿ ಮೊಟ್ಟೆ ಒಡ್ಕೊಂಡು ಕುಡಿಯೋದನ್ನಂತೂ ದಯವಿಟ್ಟು ಬಿಡಿ. ಬೆಂದ ಮೊಟ್ಟೆ ಪ್ರೋಟೀನ್ ಸುಮಾರು 90 ಪರ್ಸೆಂಟ್ ಮೈಗೆ ಸೇರುತ್ತೆ, ಹಸಿದ್ರಲ್ಲಿ 50 ಚಿಲ್ಲರೆ ಅಷ್ಟೇ, ಮೇಲಿಂದ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಭಯ ಬೇರೆ. ಹಳದಿ ಎಸೆಯೋದೂ ಬೇಡ, ಅಷ್ಟೇ ಪ್ರೋಟೀನ್ ಇದ್ದಾಗ ಬರೀ ಬಿಳಿ ತಿಂದವರಿಗಿಂತ ಇಡೀ ಮೊಟ್ಟೆ ತಿಂದವರಲ್ಲಿ ವರ್ಕೌಟ್ ಆದ್ಮೇಲೆ ಸ್ನಾಯು ಕಟ್ಟೋದು ಜಾಸ್ತಿ ಆಗಿದ್ದು 2017ರ ಒಂದು ಪ್ರಯೋಗದಲ್ಲಿ ಕಂಡಿದೆ.

ಹೆಜ್ಜೆ 5: ರಾತ್ರಿ ಜಿಮ್ ಮಾಡೋರಿಗೆ

ಬೆಂಗಳೂರಲ್ಲಿ ಒಂಬತ್ತೂವರೆಗೆ ಜಿಮ್ ಬಿಟ್ಟು ಹತ್ತಕ್ಕೆ ಮನೆ ಸೇರೋರು ಬಹಳ. ರಾತ್ರಿ ಅನ್ನ ತಿಂದ್ರೆ ದಪ್ಪ ಆಗ್ತೀವಿ ಅಂತ ಬರೀ ಸೌತೆಕಾಯಿ ತಿಂದು ಮಲಗ್ತಾರೆ. ದಪ್ಪ ಆಗೋದು ದಿನದ ಒಟ್ಟು ಕ್ಯಾಲರಿ ಜಾಸ್ತಿ ಆದಾಗ, ಗಡಿಯಾರ ನೋಡಿ ಅಲ್ಲ. ಹೊಟ್ಟೆ ಭಾರ ಆಗದ ಹಾಗೆ ಒಂದು ಬಟ್ಟಲು ಮೊಸರನ್ನ, ಪಕ್ಕದಲ್ಲಿ ಎರಡು ಆಮ್ಲೆಟ್ ಅಥ್ವಾ 100 ಗ್ರಾಂ ಪನೀರ್ ಬುರ್ಜಿ ತಿಂದು ಮಲಗಿ. ಹಾಲು, ಪನೀರಲ್ಲಿರೋ ಕೇಸೀನ್ ಅನ್ನೋ ಪ್ರೋಟೀನ್ ನಿಧಾನವಾಗಿ ಜೀರ್ಣ ಆಗುತ್ತೆ, ರಾತ್ರಿಯಿಡೀ ಅಮೈನೋ ಆಸಿಡ್ ಸಿಗ್ತಾ ಇರುತ್ತೆ.

ಶುಕ್ರವಾರ ಜಿಮ್ ಮುಗಿಸಿ ನೇರ ಪಾರ್ಟಿಗೆ ಹೋಗೋರು ಇದನ್ನ ತಿಳ್ಕೊಳ್ಳಿ. 2014ರ ಒಂದು ಪ್ರಯೋಗದಲ್ಲಿ ವರ್ಕೌಟ್ ಆದ್ಮೇಲೆ ಜೋರಾಗಿ ಕುಡಿದವರಲ್ಲಿ, ಪ್ರೋಟೀನ್ ತಗೊಂಡಿದ್ರೂ ಸ್ನಾಯು ಕಟ್ಟೋ ವೇಗ 24 ಪರ್ಸೆಂಟ್ ಕಡಿಮೆ ಆಗಿತ್ತು.

ನೀರು, ಉಪ್ಪು

ವರ್ಕೌಟ್ ಮುಂಚೆ ಆಮೇಲೆ ತೂಕ ನೋಡಿ, ಒಂದು ಕೆಜಿ ಇಳಿದಿದ್ರೆ ಮುಂದಿನ ಕೆಲವು ಗಂಟೆಗಳಲ್ಲಿ ಒಂದೂಕಾಲರಿಂದ ಒಂದೂವರೆ ಲೀಟರ್ ಕುಡೀಬೇಕು, ಒಂದೇ ಸಲ ಅಲ್ಲ. ಎಳನೀರಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ ಆದ್ರೆ ಬೆವರಲ್ಲಿ ಹೋಗೋದು ಹೆಚ್ಚಾಗಿ ಸೋಡಿಯಂ, ಹಾಗಾಗಿ ಉಪ್ಪು ಹಾಕಿದ ಮಜ್ಜಿಗೆ ಅಥ್ವಾ ಉಪ್ಪು ಸಕ್ಕರೆ ನಿಂಬೆ ಶರಬತ್ ಇನ್ನೂ ಮೇಲು. ಬಿಪಿ ಇರೋರು ಉಪ್ಪಿನ ವಿಷಯದಲ್ಲಿ ನೋಡ್ಕೊಂಡು.

ಹೆಜ್ಜೆ 6: ಹಾಗಾದ್ರೆ ವೇ ಪ್ರೋಟೀನ್?

ಅದು ಹಾಲಿಂದ ಬಂದ ಆಹಾರ, ಸ್ಟೆರಾಯ್ಡ್ ಅಲ್ಲ, ಅಮ್ಮಂದಿರು ಹೆದರೋದು ಬೇಡ. ನಾಲ್ಕು ಹೊತ್ತಿನ ಲೆಕ್ಕ ಬರೆದು ನೋಡಿ, ಊಟದಲ್ಲಿ 20–25 ಗ್ರಾಂ ಕಡಿಮೆ ಬೀಳ್ತಿದ್ರೆ, ಅಡುಗೆ ಮಾಡ್ಕೊಳ್ಳೋಕೆ ಟೈಮ್ ಇಲ್ದಿದ್ರೆ, ಪಿಜೀಲಿ ಇದ್ರೆ, ಒಂದು ಸ್ಕೂಪ್ ತಗೊಳ್ಳಿ, ತಪ್ಪೇನಿಲ್ಲ. ಕೊಳ್ಳೋವಾಗ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನ 14 ಅಂಕಿಯ ಲೈಸೆನ್ಸ್ ನಂಬರ್ ಇದ್ಯಾ ನೋಡಿ, ಇಂಗ್ರೀಡಿಯೆಂಟ್ಸ್ ಪಟ್ಟೀಲಿ ಗ್ಲೈಸಿನ್, ಟಾರಿನ್ ಅಂತ ಸೇರಿಸಿದ್ರೆ ಇಟ್ಬಿಡಿ, ಲ್ಯಾಬ್ ಟೆಸ್ಟಲ್ಲಿ ಪ್ರೋಟೀನ್ ನಂಬರ್ ಜಾಸ್ತಿ ತೋರ್ಸೋಕೆ ಕೆಲವರು ಅಗ್ಗದ ಅಮೈನೋ ಆಸಿಡ್ ಬೆರೆಸ್ತಾರೆ. ಹಾಲು ಕುಡಿದ್ರೆ ಹೊಟ್ಟೆ ಉಬ್ಬೋರು ವೇ ಕಾನ್ಸಂಟ್ರೇಟ್ ಬದ್ಲು ಇನ್ನೂ ಶುದ್ಧ ಮಾಡಿರೋ ವೇ ಐಸೊಲೇಟ್ ತಗೊಳ್ಳಿ, ಅದ್ರಲ್ಲಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಕಡಿಮೆ ಇರುತ್ತೆ.

ಕಿಡ್ನಿ ತೊಂದ್ರೆ ಇರೋರು, ರಕ್ತ ಪರೀಕ್ಷೇಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ನಂಬರ್) ಜಾಸ್ತಿ ಬಂದಿರೋರು ಮೇಲಿನ ಪ್ರೋಟೀನ್ ನಂಬರ್ ಯಾವುದನ್ನೂ ಡಾಕ್ಟರ್ ಕೇಳದೇ ಫಾಲೋ ಮಾಡ್ಬೇಡಿ. ಶುಗರ್ ಇದ್ದು ಇನ್ಸುಲಿನ್ ಅಥ್ವಾ ಮಾತ್ರೆ ತಗೊಳ್ಳೋರಿಗೆ ವರ್ಕೌಟ್ ಆದ್ಮೇಲೆ ಶುಗರ್ ಇಳಿಯೋ ಸಾಧ್ಯತೆ ಇರುತ್ತೆ, ಕಾರ್ಬ್ಸ್ ಬಿಡೋದು ಅಪಾಯ, ಎಷ್ಟು ತಿನ್ಬೇಕು ಅಂತ ನಿಮ್ಮ ಡಾಕ್ಟರ್ ಹತ್ರ ಕೂತು ಫಿಕ್ಸ್ ಮಾಡ್ಕೊಳ್ಳಿ.

ಕೆಲಸ ಮಾಡ್ತಿದ್ಯಾ ಅಂತ ತಿಳಿಯೋದು ಹೇಗೆ

ಕನ್ನಡಿ ನೋಡ್ಬೇಡಿ, ಅದಕ್ಕೆ ತಿಂಗಳುಗಳು ಬೇಕು. ಒಂದು ನೋಟ್‌ಬುಕ್ಕಲ್ಲಿ ಯಾವ ಎಕ್ಸರ್‌ಸೈಜ್, ಎಷ್ಟು ಕೆಜಿ, ಎಷ್ಟು ರೆಪ್ಸ್ (ಒಂದು ಸೆಟ್ಟಲ್ಲಿ ಎಷ್ಟು ಸಲ ಎತ್ತಿದ್ರಿ) ಅಂತ ಬರೀತಾ ಹೋಗಿ. ಎರಡ್ಮೂರು ವಾರದಲ್ಲಿ ಅದೇ ತೂಕಕ್ಕೆ ಒಂದೆರಡು ರೆಪ್ಸ್ ಜಾಸ್ತಿ ಆಗ್ತಿದ್ರೆ ಊಟ ಸರಿ ಇದೆ. ಮೊದಲ ಸೆಟ್ ಚೆನ್ನಾಗಿ ಬಂದು ಮೂರನೇ ಸೆಟ್ಟಿಗೆ ಕಾಲು ಭಾರ ಆಗಿ ಕುಸೀತಿದ್ರೆ, ನಿದ್ದೇನೂ ಏಳೆಂಟು ಗಂಟೆ ಸರಿಯಾಗಿ ಆಗ್ತಿದ್ರೆ, ಆಗ ಇನ್ನೊಂದು ಸ್ಕೂಪ್ ಹಾಕೋ ಮುಂಚೆ ಕಾರ್ಬ್ಸ್ ನೋಡಿ, ಹಿಂದಿನ ರಾತ್ರಿ ಊಟಕ್ಕೆ ಅರ್ಧ ಮುದ್ದೆ ಅಥ್ವಾ ಒಂದು ಸೌಟು ಅನ್ನ ಜಾಸ್ತಿ ಹಾಕ್ಕೊಂಡು ಒಂದು ವಾರ ಟ್ರೈ ಮಾಡಿ.